ಒಂದು ಬೆರಳು ಬಿಟ್ಟು

ಸುಟ್ಟದ್ದು ಮೂರು ಅಂಗಡಿ. ಪೇಪರಿನಲ್ಲಿ ಎರಡೇ ಬಂತು.
ಮೂರನೆಯದು ಇದಿನಬ್ಬರದು, ಕೂಳೂರಿನ ಒಳದಾರಿಯಲ್ಲಿ,
ಬೋರ್ಡಿಲ್ಲದ್ದು. ನಾನಲ್ಲಿ ಹದಿನಾಲ್ಕು ವರ್ಷ
ಕಾಜಾ ಹೊಲಿದವಳು, ಗುಂಡಿಗೆ ಒಂದು ರೂಪಾಯಿ.

ಕರ್ಫ್ಯೂ ತೆಗೆದ ದಿನ ಹೋಗಿ ನೋಡಿದೆ.
ಬಟ್ಟೆ ಸುಟ್ಟ ವಾಸನೆ ಬೇರೆಯೇ, ಮಾರಾಯ್ರೆ.
ಹತ್ತಿ ಬೂದಿಯಾಗುತ್ತದೆ, ಟೆರಿಕಾಟು ಕರಗುತ್ತದೆ,
ಎರಡೂ ಸೇರಿ ನೆಲಕ್ಕೆ ಹಿಡಿದುಕೊಂಡಿತ್ತು.
ವಾರಿಜಕ್ಕನ ಮಗಳ ಮದುವೆಯ ಎಂಟು ರವಕೆ,
ಶಾಲೆಯ ನೀಲಿ ಚಡ್ಡಿ, ಇಗರ್ಜಿಯ ಹುಡುಗಿಯರ ಬಿಳಿ ಲಂಗ,
ಯಾರದು ಯಾವುದೆಂದು ಹೆಕ್ಕಲಿಕ್ಕಾಗದ ಮುದ್ದೆ.

ಇದಿನಬ್ಬರು ಅಳಲಿಲ್ಲ. ಕೋಲಿನಿಂದ ಕೆದಕುತ್ತಾ
"ಪುಸ್ತಕ ಹೋಯಿತಲ್ಲ" ಎಂದರು.
ಅಳತೆ ಪುಸ್ತಕ. ಇಪ್ಪತ್ತೇಳು ವರ್ಷದ್ದು.
ಯಾರು ಬಸುರಿ, ಯಾರು ಬತ್ತಿದರು,
ಯಾರ ಮಗ ಒಂದೇ ಮಳೆಗಾಲದಲ್ಲಿ ಮೂರಿಂಚು ಬೆಳೆದ,
ಎಲ್ಲ ಅದರಲ್ಲಿತ್ತು, ಅವರಿಗೇ ಓದಲಿಕ್ಕೆ ಬರುವ ಹಾಗೆ,
ಕನ್ನಡ ಅಂಕಿ, ನಡುನಡುವೆ ಒಂದೊಂದು ಅರಬಿ ಅಕ್ಷರ.

ಶಾಲೆಯ ಹಾಲಿನಲ್ಲಿ ಶಾಂತಿ ಸಭೆ ಆಯಿತು.
ಚಾ, ಬಿಸ್ಕುಟು, ಫೋಟೋ. "ನಾವೆಲ್ಲ ಒಂದೇ" ಎಂದರು ಸಾಹೇಬರು.
ಒಂದೇ ಆಗಿದ್ದರೆ ಹೊಲಿಗೆ ಯಾಕೆ ಬೇಕು?
ಎರಡು ತುಂಡು ಇದ್ದಲ್ಲೇ ಸೂಜಿಗೆ ಕೆಲಸ.
ಹೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು
ಎರಡು ಬಿಸ್ಕುಟು ಸೆರಗಿಗೆ ಕಟ್ಟಿಕೊಂಡೆ.

ಆಮೇಲೆ ಸೆವ್ರಿನ್ ಬಾಯಿ ಕೋಳಿಗೂಡಿನ ಶೀಟು ಬಿಚ್ಚಿಕೊಟ್ಟರು.
ಕೋಳಿಗಳು ಒಂದು ವಾರ ಅವರ ಅಡಿಗೆಮನೆಯಲ್ಲಿ ಮಲಗಿದವು.
ಗ್ಯಾರೇಜಿನ ದೂಮಣ್ಣ ಮಿಶನಿನ ತಲೆಯನ್ನು
ಮೂರು ದಿನ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ.
ನಾಲ್ಕನೆಯ ದಿನ ಚಕ್ರ ಕಿರ್ರೆಂದಿತು.
ಸಂಘದಲ್ಲಿ ಸಾಲದ ಮಾತು ಬಂದಾಗ ಜಲಜಾಕ್ಷಿ
"ಅವರವರದ್ದು ಅವರವರು ನೋಡಿಕೊಳ್ಳಲಿ" ಎಂದು ಎದ್ದು ಹೋದಳು.
ಹನ್ನೊಂದು ಕೈ ಮೇಲೆದ್ದವು. ಐದು ಮಡಿಲಲ್ಲೇ ಉಳಿದವು.
ಆ ಐದರ ಹೆಸರು ಗೊತ್ತುಂಟು ನನಗೆ,
ನಳ್ಳಿಯ ಹತ್ತಿರ ದಿನಾ ಸಿಗುತ್ತಾರೆ.

ಹೊಸ ಪುಸ್ತಕ, ಇನ್ನೂರು ಪುಟ.
ಹೊಲಿಸಲಿಕ್ಕೆ ಏನೂ ಇಲ್ಲದವರೂ ಬಂದರು.
"ಸುಮ್ಮನೆ ಬರೆದಿಡಿ, ಬೇಕಾಗ್ತದೆ."
ಪರದೆಯ ಹಿಂದೆ ನಾನು ಅಳೆದು ಕೂಗುವುದು,
ಆಚೆಯಿಂದ ಇದಿನಬ್ಬರು ಬರೆದುಕೊಳ್ಳುವುದು.
ವಾರಿಜಕ್ಕ ನಕ್ಕಳು, "ಸೊಂಟ ಎರಡಿಂಚು ಕಮ್ಮಿ ಹೇಳು."
ನಗು ನಿಲ್ಲಿಸಲಿಕ್ಕಾಗದೆ ಮತ್ತೆ ಅತ್ತಳು.

ಆಟಿ ತಿಂಗಳ ಒಂದು ಸಂಜೆ ಜಲಜಾಕ್ಷಿ ಬಂದಳು.
ಹಿಂದಿನಿಂದ ಮಗ, ತೇಜಾಕ್ಷ.
ಕ್ಯಾನು ಹಿಡಿದಿದ್ದವನು ಅವನೇ ಎಂದು
ಬೀದಿಗೆಲ್ಲ ಗೊತ್ತು, ಸ್ಟೇಷನ್ನಿಗೆ ಗೊತ್ತಿಲ್ಲ.
ಅವನ ಮೊದಲ ಶಾಲೆಚಡ್ಡಿಗೆ ಗುಂಡಿ ಹಚ್ಚಿದವಳು ನಾನು.

"ಶರ್ಟಿಗೆ" ಎಂದಳು, ಬಟ್ಟೆ ಮೇಜಿನ ಮೇಲಿಟ್ಟು.
ಇದಿನಬ್ಬರು ಕನ್ನಡಕ ಒರಸಿದರು.
ತುಂಬಾ ಹೊತ್ತು ಒರಸಿದರು.
ಹೆಗಲು, ಹದಿನೇಳು. ಬರೆದೆ.
ತೋಳು, ಇಪ್ಪತ್ತನಾಲ್ಕು. ಬರೆದೆ.
ಕತ್ತು.

ಟೇಪು ಸುತ್ತಿತು.
ಹೆದ್ದಾರಿಯಲ್ಲಿ ಗ್ಯಾಸಿನ ಟ್ಯಾಂಕರೊಂದು ಹೋಯಿತು, ಶೀಟು ನಡುಗಿತು.
ಹುಡುಗನ ಗಂಟಲು ಮೇಲೆ ಹೋಗಿ ಕೆಳಗೆ ಬಂತು.
ಜಲಜಾಕ್ಷಿ ಉಸಿರು ಹಿಡಿದಿದ್ದಳು. ನಾನೂ.
ಇದಿನಬ್ಬರು ಟೇಪಿನೊಳಗೆ ತಮ್ಮ ತೋರುಬೆರಳು ತೂರಿಸಿದರು,
ಎಲ್ಲರಿಗೂ ಮಾಡುವ ಹಾಗೆಯೇ.
"ಹದಿನೈದು. ಒಂದು ಬೆರಳು ಬಿಟ್ಟು.
ಉಸಿರಾಡ್ಲಿಕ್ಕೆ ಜಾಗ ಬೇಕಲ್ಲ."

ಬಾಗಿಲು ಹಾಕುವಾಗ ಕೇಳಿದೆ, ಮನ್ನಿಸಿದಿರಾ?
"ಅಳತೆ ತೆಗೆದೆ" ಎಂದರು.

ಅಂಗಿ ಹೊಲಿದು ಎರಡು ತಿಂಗಳಾಯಿತು.
ಕೊಂಡುಹೋಗಲಿಕ್ಕೆ ಯಾರೂ ಬಂದಿಲ್ಲ.
ಮೊಳೆಯಲ್ಲಿ ತೂಗುತ್ತಿದೆ, ಶನಿವಾರ ಶನಿವಾರ ಧೂಳು ಕೊಡವುತ್ತೇನೆ.
ಏಳು ಗುಂಡಿ.
ನನಗೆ ಏಳು ರೂಪಾಯಿ ಬರಲಿಕ್ಕುಂಟು.